ಇಮ್ಯುನಿಟಿಗೂ ಬ್ರೇಕ್ ಬೇಕು

ಕಳೆದ ವಾರ ಜಯನಗರದ ನನ್ನ ಕ್ಲಿನಿಕ್‌ಗೆ ಒಬ್ಬರು ಬಂದಿದ್ದರು. ರುಮಟಾಯ್ಡ್ ಆರ್ಥ್ರೈಟಿಸ್. ಎರಡೂ ಕೈಯ ಬೆರಳ ಗೆಣ್ಣುಗಳು ಊದಿದ್ದವು. ಬೆಳಿಗ್ಗೆ ಎದ್ದು ಒಂದು ಗಂಟೆ ಕುಕ್ಕರ್ ಮುಚ್ಚಳ ತೆಗೆಯೋಕೂ ಆಗಲ್ಲ ಅಂದರು. ಆಮೇಲೆ ಬ್ಯಾಗಿನಿಂದ ಪುಡಿಯ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಡಾಕ್ಟ್ರೇ, ಇದು ಇಮ್ಯುನಿಟಿ ಜಾಸ್ತಿ ಮಾಡುತ್ತಂತೆ. ತಗೊಳ್ಳಲಾ?"

"ಬೇಡಮ್ಮಾ. ನಿಮ್ಮ ಇಮ್ಯುನಿಟಿ ನಿಮ್ಮ ಕೀಲುಗಳ ಮೇಲೇ ತಿರುಗಿಬಿದ್ದಿದೆ. ಅದನ್ನು ಈಗ ತಣ್ಣಗೆ ಮಾಡಬೇಕು."

ಹಾಗೆ ತಣ್ಣಗೆ ಮಾಡುವ ಜೀವಕೋಶಗಳು ನಮ್ಮ ಮೈಯಲ್ಲೇ ಇವೆ. ಹೆಸರು ಟಿ-ರೆಗ್. ಅವು ಹುಟ್ಟುವ ಬಗೆ ನನಗೆ ಇವತ್ತಿಗೂ ಬೆರಗು.

ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ. ಮಕ್ಕಳಲ್ಲಿ ದೊಡ್ಡದು, ವಯಸ್ಸಾದಂತೆ ಕುಗ್ಗುತ್ತದೆ. ಟಿ ಕೋಶಗಳು, ಅಂದರೆ ಸೋಂಕಿನ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು, ಬೆಳೆಯುವುದು ಇಲ್ಲೇ. ಥೈಮಸ್ ಅವುಗಳಿಗೆ ನಮ್ಮದೇ ಮೈಯ ಪ್ರೋಟೀನ್ ಚೂರುಗಳನ್ನು ತೋರಿಸುತ್ತದೆ, ಇನ್ಸುಲಿನ್ ಕೂಡ. ಅದಕ್ಕೆ ತುಂಬಾ ಗಟ್ಟಿಯಾಗಿ ಅಂಟಿಕೊಂಡ ಕೋಶ ಹೊರಗೆ ಬಂದರೆ ಅಪಾಯ. ಅಂಥವು ಹೆಚ್ಚಾಗಿ ಅಲ್ಲೇ ಸಾಯುತ್ತವೆ. ಮೆಲ್ಲಗೆ ಅಂಟಿದವು ಸೋಂಕಿನ ಜೊತೆ ಹೋರಾಡಲು ಹೊರಡುತ್ತವೆ. ಇವೆರಡರ ನಡುವೆ ಕೆಲವು ಉಳಿಯುತ್ತವೆ. ಅವಕ್ಕೆ ಐಎಲ್-2 ಎಂಬ ರಾಸಾಯನಿಕದ ಸಂದೇಶವೂ ಸಿಕ್ಕರೆ ಒಳಗೆ ಫಾಕ್ಸ್‌ಪಿ3 ಜೀನ್ ಚಾಲೂ ಆಗುತ್ತದೆ. ಮನೆಯವರನ್ನೇ ಕಚ್ಚಬಹುದಾಗಿದ್ದ ಕೋಶ ಮನೆ ಕಾಯಲು ನಿಲ್ಲುತ್ತದೆ! ಅದೇ ಟಿ-ರೆಗ್. ಸುತ್ತಲಿನ ಐಎಲ್-2 ತಾನೇ ಹೀರಿಕೊಂಡು, ಕೆರಳಿದ ಕೋಶಗಳಿಗೆ ಸಿಗದ ಹಾಗೆ ಮಾಡುವುದು ಅದರ ಒಂದು ಉಪಾಯ.

ಇಂಥ ಕೋಶಗಳಿವೆ ಎಂದು ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ತೋರಿಸಿದರು. 2001ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಕಾಯಿಲೆಯ ಇಲಿಗಳಲ್ಲಿ ಆ ಜೀನನ್ನು ಹುಡುಕಿದರು. ಮೂವರಿಗೂ 2025ರ ನೊಬೆಲ್ ಬಂತು. ಈ ಜೀನ್ ಕೆಟ್ಟು ಹುಟ್ಟುವ ಗಂಡು ಮಕ್ಕಳಿಗೆ ಹಾಲು ಕುಡಿಯುವ ವಯಸ್ಸಿನಲ್ಲೇ ನಿಲ್ಲದ ಭೇದಿ, ಚರ್ಮದ ಉರಿ, ಸಕ್ಕರೆ ಕಾಯಿಲೆ ಬರುತ್ತದೆ. ಬ್ರೇಕ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳೋಕೆ ಆಗಲ್ಲ, ಅಲ್ವಾ?

ಕರುಳಿನಲ್ಲೂ ಟಿ-ರೆಗ್ ತಯಾರಾಗುತ್ತವೆ. ನಾರಿನಂಶವನ್ನು ಅಲ್ಲಿನ ಬ್ಯಾಕ್ಟೀರಿಯಾ ಹುಳಿಸಿದಾಗ ಬರುವ ಬ್ಯುಟಿರೇಟ್ ಇದಕ್ಕೆ ನೆರವಾಗುವುದು ಇಲಿಗಳಲ್ಲಿ ಕಂಡಿದೆ. ಸೊಪ್ಪು, ಕಾಳು, ರಾಗಿ ತಿನ್ನಿ ಅಂತ ನಾನೂ ಹೇಳುತ್ತೇನೆ. ಅದರಿಂದಲೇ ಆರ್ಥ್ರೈಟಿಸ್ ವಾಸಿ ಆಗುತ್ತೆ ಅಂತ ಮಾತ್ರ ಹೇಳಲಾರೆ.

ಊದಿದ ಕೀಲಿನಲ್ಲೂ ಟಿ-ರೆಗ್ ಇರುತ್ತವೆ, ಆದರೆ ಆ ಗಲಾಟೆಯಲ್ಲಿ ಅವುಗಳ ಮಾತು ನಡೆಯುವುದಿಲ್ಲ. ಅದಕ್ಕೇ ಔಷಧಿ ಬೇಕು. ಆ ಅಮ್ಮನಿಗೆ ಮೆಥೋಟ್ರೆಕ್ಸೇಟ್ ಬರೆದೆ. ಅದು ದಿನಾ ನುಂಗುವ ಮಾತ್ರೆಯಲ್ಲ, ವಾರಕ್ಕೆ ಒಂದೇ ದಿನ. ಚೀಟಿಯಲ್ಲಿ 'ಭಾನುವಾರ ಮಾತ್ರ' ಎಂದು ದಪ್ಪಗೆ ಬರೆದು ಸುತ್ತ ಗೆರೆ ಎಳೆದೆ. ಅವರು ಅದನ್ನು ಎರಡು ಸಲ ಓದಿ, ಮಡಚಿ, ಪುಡಿಯ ಡಬ್ಬಿಯ ಜೊತೆ ಬ್ಯಾಗಿಗೆ ಹಾಕಿಕೊಂಡರು.