ಪಿಕಪ್ ಬದಲಿಸುವ ಮುಂಚೆ ಸ್ಕ್ರೂಡ್ರೈವರ್ ಹಿಡಿಯಿರಿ

ಹೊಸ ಎಲೆಕ್ಟ್ರಿಕ್ ಗಿಟಾರ್ ಕೊಂಡು ಒಂದು ತಿಂಗಳೂ ಆಗಿರುವುದಿಲ್ಲ, ಆಗಲೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಬದಲಿಸಿಕೊಡಿ ಎಂದು, ಗಿಟಾರ್ ರಿಪೇರಿ ಮಾಡುವ ನನ್ನ ಬೆಂಚಿನ ಮೇಲೆ ತಂದಿಡುತ್ತಾರೆ. ಈಚೆಗೆ ಬಂದ ಒಬ್ಬ ಹುಡುಗನ ಕೈಯಲ್ಲಿ ಹೊಸ ಪಿಕಪ್‌ಗಳ ಡಬ್ಬಿಯೂ ಇತ್ತು. ಗಿಟಾರಿಗೆ ಆಗ ಮೂರೇ ವಾರದ ವಯಸ್ಸು. "ಸರ್, ಇದರ ಪಿಕಪ್ ಸರಿಯಿಲ್ಲ. ಹನ್ನೆರಡನೇ ಫ್ರೆಟ್ ದಾಟಿದ್ರೆ ದಪ್ಪ ತಂತಿ ಶ್ರುತಿಗೇ ನಿಲ್ಲಲ್ಲ, ಸದ್ದು ಒಂಥರಾ ನಡುಗಿದ ಹಾಗೆ ಬರುತ್ತೆ" ಅಂದ. ಫ್ರೆಟ್ ಅಂದರೆ ನೆಕ್ (ಗಿಟಾರಿನ ಕತ್ತು) ಮೇಲಿನ ಲೋಹದ ಅಡ್ಡಗೀಟು. ತಂತಿಗಳನ್ನು ಎರಡು ಸಲ ಬದಲಿಸಿ ನೋಡಿದ್ದನಂತೆ. ಆರನೇ, ಅಂದರೆ ಅತಿ ದಪ್ಪ ತಂತಿಯ ಸ್ಯಾಡಲ್ಲನ್ನು (ತಂತಿಗಳ ಬುಡದ ಬ್ರಿಜ್ ಮೇಲೆ ತಂತಿ ಕೂರುವ ಪುಟ್ಟ ತುಂಡು) ಹಿಂದಕ್ಕೆ ಎಳೆದೂ ಎಳೆದೂ ಅದರ ಸ್ಪ್ರಿಂಗ್ ಪೂರ್ತಿ ಅಮುಕಿಹೋಗಿತ್ತು. ಟ್ಯೂನರ್ ಹಚ್ಚಿ ನಾನೂ ಮೀಟಿದೆ. ಮುಳ್ಳು ಒಂದು ಕಡೆ ನಿಲ್ಲಲೊಲ್ಲದೆ ಆಚೀಚೆ ಹೊಯ್ದಾಡುತ್ತಿತ್ತು.

ಡಬ್ಬಿಯನ್ನು ಬದಿಗಿಟ್ಟು, ಮೂರೂ ಪಿಕಪ್‌ಗಳ ಸ್ಕ್ರೂ ಸಡಿಲಿಸಿ ಅವನ್ನು ಹೆಚ್ಚುಕಡಿಮೆ ಪಿಕ್‌ಗಾರ್ಡ್ (ಗಿಟಾರಿನ ಮೈಮೇಲಿನ ತೆಳು ಹಲಗೆ) ಮಟ್ಟಕ್ಕೆ ಇಳಿಸಿದೆ. ಸ್ಯಾಡಲ್ಲನ್ನು ಮುಂದಕ್ಕೆ ತಂದು, ಶ್ರುತಿ ಮಾಡಿ, ಅವನ ಕೈಗೆ ಕೊಟ್ಟೆ. ಅದೇ ತಂತಿ, ಅದೇ ಫ್ರೆಟ್. ಸ್ವರ ಅಲುಗದೆ ನಿಂತಿತು. ಮೂರು ಸಲ ಮೀಟಿ ನೋಡಿ "ಏನ್ ಮಾಡಿದ್ರಿ ಸರ್?" ಎಂದು ಕೇಳಿದ. ಗಿಟಾರ್ ಮನೆಗೆ ಬಂದ ದಿನ, ಸದ್ದು ಸಾಲದೆಂದು ಅವನೇ ಪಿಕಪ್‌ಗಳನ್ನು ಏರಿಸಿದ್ದ. ಅವನು ಏರಿಸಿದ್ದನ್ನು ನಾನು ಇಳಿಸಿದ್ದೆ, ಅಷ್ಟೆ.

ಪಿಕಪ್ ತಂತಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ನಾನು ವರ್ಷಗಳಿಂದ ಬಿಡಿಸುತ್ತ ಬಂದಿದ್ದೇನೆ. ಹತ್ತು ವರ್ಷ ನುಡಿಸಿದವರೂ ಹೀಗೇ ಮಾಡಿಕೊಂಡು ಬರುತ್ತಾರೆ. ತಂತಿಗಳ ಬಗ್ಗೆ, ಆಂಪ್ ಬಗ್ಗೆ, ಪೆಡಲ್‌ಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು, ಪಿಕಪ್ಪಿನ ಎರಡು ತುದಿಯ ಆ ಎರಡು ಸ್ಕ್ರೂಗಳು ಯಾಕಿವೆ ಎಂದು ಒಮ್ಮೆಯೂ ಯೋಚಿಸಿರುವುದಿಲ್ಲ. ಹಾಗಾಗಿ ಇದೊಂದನ್ನು ಸಾವಕಾಶವಾಗಿ ಬಿಡಿಸಿ ಹೇಳುತ್ತೇನೆ.

ಪಿಕಪ್ ಮೈಕಿನ ಹಾಗೆ ಗಾಳಿಯಲ್ಲಿ ಬರುವ ಸದ್ದನ್ನು ಹಿಡಿಯುವುದಿಲ್ಲ. ಅಯಸ್ಕಾಂತದ ಸುತ್ತ, ಕೂದಲೆಳೆಯಷ್ಟು ತೆಳುವಾದ ತಾಮ್ರದ ವೈರನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಫೆಂಡರ್ ಕಂಪನಿಯ ಸ್ಟ್ರ್ಯಾಟೊಕಾಸ್ಟರ್ ಗಿಟಾರಿನ ಮಾದರಿಯ ಪಿಕಪ್ಪಿನಲ್ಲಿ ಹತ್ತಿರಹತ್ತಿರ 8,000 ಸುತ್ತು. ಮೇಲಿರುವ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ ಆ ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಮರೆತುಹೋಗುವುದು ಇದರ ಇನ್ನೊಂದು ಮಗ್ಗುಲು: ಅಯಸ್ಕಾಂತವೂ ತಂತಿಯನ್ನು ಎಳೆಯುತ್ತಿರುತ್ತದೆ.

ಮೀಟಿದ ತಂತಿ ಮೇಲೆ-ಕೆಳಗೂ ಆಡುತ್ತದೆ, ಅಕ್ಕಪಕ್ಕಕ್ಕೂ ಆಡುತ್ತದೆ. ಕೆಳಗಿನಿಂದ ಅಯಸ್ಕಾಂತ ಎಳೆಯುತ್ತಿದ್ದರೆ ಮೇಲೆ-ಕೆಳಗಿನ ಓಲಾಟ ತುಸು ನಿಧಾನವಾಗುತ್ತದೆ. ಅಕ್ಕಪಕ್ಕದ್ದಕ್ಕೆ ಅಷ್ಟು ತಟ್ಟುವುದಿಲ್ಲ. ಆಗ ಒಂದೇ ತಂತಿಯಿಂದ ಒಂದಕ್ಕೊಂದು ಕೂದಲೆಳೆಯಷ್ಟು ದೂರದ ಎರಡು ಶ್ರುತಿ ಹೊರಡುತ್ತವೆ, ಎರಡೂ ತಾಕಲಾಡಿ ಅಲೆ ಅಲೆಯಾಗಿ ಕೇಳಿಸುತ್ತವೆ. ಹುಡುಗನ ಗಿಟಾರಿನಲ್ಲಿ ನಡುಗುತ್ತಿದ್ದದ್ದು ಇದೇ. ಇಂಥ ತಂತಿಗೆ ಸ್ಯಾಡಲ್ ಎಲ್ಲಿಟ್ಟರೂ ಇಂಟೊನೇಶನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿಬರುವುದು) ಕೂಡಿಬರುವುದಿಲ್ಲ. ಎಳೆತ ತೀರಾ ಜಾಸ್ತಿಯಾದರೆ ಸ್ವರ ಬೇಗ ಸಾಯುತ್ತದೆ, ಕೆಲವೊಮ್ಮೆ ತಂತಿ ಫ್ರೆಟ್ಟಿಗೆ ಬಡಿದು ಜರಜರ ಎನ್ನುತ್ತದೆ. ಅದನ್ನು ಕೇಳಿದವರು ನೆಕ್ ಸೊಟ್ಟಗಾಗಿದೆ ಎಂದು ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಒಳಗಿನ ಸರಳು) ತಿರುಗಿಸಲು ಹೊರಡುತ್ತಾರೆ. ಒಂದು ತಪ್ಪು ಇನ್ನೊಂದನ್ನು ಹೆರುತ್ತದೆ.

ದಪ್ಪ ತಂತಿಗೆ ಈ ಕಾಟ ಹೆಚ್ಚು, ಎಳೆಯಲು ಅದರಲ್ಲಿ ಉಕ್ಕು ಹೆಚ್ಚು ಇರುತ್ತದಲ್ಲ. ನೆಕ್ ಪಕ್ಕದ ಪಿಕಪ್ಪಿನಿಂದ ಇನ್ನೂ ಹೆಚ್ಚು, ತಂತಿಯ ಓಲಾಟ ಬ್ರಿಜ್ ಕಡೆಗಿಂತ ಅಲ್ಲಿ ಅಗಲವಾಗಿರುತ್ತದೆ. ಮೇಲಿನ ಫ್ರೆಟ್‌ಗಳನ್ನು ಒತ್ತಿದಾಗ ತಂತಿಯೇ ಬಾಗಿ ಪಿಕಪ್ಪಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಈ ಮೂರೂ ಸೇರುವ ಜಾಗ ಹನ್ನೆರಡನೇ ಫ್ರೆಟ್ ಆಚೆಗಿನ ಆರನೇ ತಂತಿ. ಗಿರಾಕಿಗಳ ದೂರು ಬರುವುದೂ ಅಲ್ಲಿಂದಲೇ.

ಹಳೇ ಮಾದರಿಯ ಸಿಂಗಲ್ ಕಾಯಿಲ್‌ಗಳಲ್ಲಿ (ಒಂದೇ ಸುರುಳಿಯ ಪಿಕಪ್) ತಂತಿಯ ಕೆಳಗೆ ಕಾಣುವ ಆರು ಉರುಟು ಕಡ್ಡಿಗಳೇ ಅಲ್ನಿಕೊ ಎಂಬ ಮಿಶ್ರಲೋಹದ ಅಯಸ್ಕಾಂತಗಳು. ನೇರ ತಂತಿಯ ಮುಖಕ್ಕೇ ಹಿಡಿದಂತೆ ಇರುತ್ತವೆ, ಆದ್ದರಿಂದ ಎಳೆತ ಬಲವಾದದ್ದು. ಎರಡು ಸುರುಳಿಯ ಹಂಬಕರ್ ಪಿಕಪ್ಪಿನಲ್ಲಿ ಅಯಸ್ಕಾಂತ ಸುರುಳಿಗಳ ಕೆಳಗೆ ಮಲಗಿರುತ್ತದೆ, ಮೇಲೆ ಕಾಣುವುದು ಬರೀ ಉಕ್ಕಿನ ಸ್ಕ್ರೂ. ಅದರ ಎಳೆತ ಸೌಮ್ಯ, ಹಾಗಾಗಿ ಅದನ್ನು ತಂತಿಗೆ ಸ್ವಲ್ಪ ಹತ್ತಿರ ಇಡಬಹುದು. ಹಂಬಕರ್ ಗಿಟಾರಿನಿಂದ ಸಿಂಗಲ್ ಕಾಯಿಲ್‌ಗೆ ಬಂದವರು ಹಳೇ ಅಭ್ಯಾಸದಲ್ಲೇ ಏರಿಸಿಬಿಡುತ್ತಾರೆ.

ಹತ್ತಿರ ತಂದರೆ ಸದ್ದು ಜೋರಾಗುತ್ತದೆ, ಅದು ನಿಜ. ಆದರೆ ಜೋರು ಮಾಡಲು ಆಂಪ್‌ನಲ್ಲಿ ಒಂದು ನಾಬ್ ಇದೆ. ಪಿಕಪ್ ತೀರಾ ಮೇಲಿದ್ದಾಗ ಮೀಟಿದ ಕ್ಷಣದ ಪೆಟ್ಟೇ ಮುಂದಾಗಿ ಅದರ ಹಿಂದಿನ ಸ್ವರ ಬಡವಾಗುತ್ತದೆ. ಒಂದೆರಡು ಮಿಲಿಮೀಟರ್ ದೂರ ಸರಿದರೆ ಬೆರಳಿನ ಮೃದು-ಬಿರುಸು ಬೇರೆಬೇರೆಯಾಗಿ ಕೇಳತೊಡಗುತ್ತದೆ. "ಈ ಪಿಕಪ್‌ಗೆ ಜೀವ ಇಲ್ಲ" ಎಂದು ತಂದ ಎಷ್ಟೋ ಗಿಟಾರ್‌ಗಳ ಜೀವ ಆ ಅಂತರದಲ್ಲಿ ಸಿಕ್ಕಿದೆ.

ಅಳೆಯುವುದು ಹೀಗೆ. ಆರನೇ ತಂತಿಯನ್ನು ಕಟ್ಟಕಡೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ತಂತಿಯ ತಳದಿಂದ ಪಿಕಪ್ಪಿನ ಕಡ್ಡಿಯ ತಲೆಯವರೆಗೆ ಉಕ್ಕಿನ ಸಣ್ಣ ಅಳತೆಪಟ್ಟಿ ಹಿಡಿದು ನೋಡಿ. ಆಮೇಲೆ ಒಂದನೇ ತಂತಿಯಲ್ಲೂ ಹಾಗೇ ಮಾಡಿ. ಹಳೇ ಮಾದರಿಯ ಸಿಂಗಲ್ ಕಾಯಿಲ್‌ಗೆ ನಾನು ದಪ್ಪ ತಂತಿಯ ಕಡೆ 2.4 ಮಿಲಿಮೀಟರ್, ತೆಳು ತಂತಿಯ ಕಡೆ 2 ಮಿಲಿಮೀಟರಿನಿಂದ ಶುರುಮಾಡುತ್ತೇನೆ. ಬಲವಾದ ಅಯಸ್ಕಾಂತದವಾದರೆ 3 ಮಿಲಿಮೀಟರ್ ದಾಟಿದರೂ ತಪ್ಪಿಲ್ಲ. ಹಂಬಕರ್‌ಗೆ ಎರಡೂ ಕಡೆ 1.6 ಮಿಲಿಮೀಟರ್. ಇವು ಶುರುಮಾಡುವ ಅಳತೆಗಳು ಮಾತ್ರ, ನಿಮ್ಮ ಗಿಟಾರಿನ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಅಲ್ಲಿಂದ ಮುಂದೆ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತ ಕಿವಿಗೊಡಿ. ಆಂಪ್‌ನಲ್ಲಿ ಡಿಸ್ಟಾರ್ಶನ್ ಬೇಡ, ಸದ್ದು ಶುದ್ಧವಾಗಿರಲಿ. ಸ್ವಿಚ್ಚನ್ನು ನೆಕ್‌ಗೂ ಬ್ರಿಜ್‌ಗೂ ಹಾಕಿ ಹಾಕಿ ನೋಡಿದರೆ ಎರಡರ ಸದ್ದೂ ಸಮಸಮ ಅನ್ನಿಸಬೇಕು. ಸಾಮಾನ್ಯವಾಗಿ ನೆಕ್ ಪಿಕಪ್ ಬ್ರಿಜ್‌ನದಕ್ಕಿಂತ ಕೆಳಗೇ ಕೂರುತ್ತದೆ.

ಬಹುತೇಕ ಗಿಟಾರ್‌ಗಳಲ್ಲಿ ಈ ಸ್ಕ್ರೂ ಬಿಗಿದರೆ ಪಿಕಪ್ ಮೇಲೇರುತ್ತದೆ. ನೇರ ಮರಕ್ಕೇ ಸ್ಕ್ರೂ ಹೊಡೆದು ಕೂರಿಸಿದ್ದರೆ ಬಿಗಿದಾಗ ಇಳಿಯುತ್ತದೆ. ತೀರಾ ಸಡಿಲಿಸಿದರೆ ಸ್ಕ್ರೂ ಕಳಚಿ ಪಿಕಪ್ ಒಳಗೆ ಬಿದ್ದುಹೋಗುತ್ತದೆ. ಆಗ ಪಿಕ್‌ಗಾರ್ಡ್ ಬಿಚ್ಚದೆ ಗತಿಯಿಲ್ಲ. ಸ್ಕ್ರೂಡ್ರೈವರ್ ಸ್ಕ್ರೂವಿನ ತಲೆಗೆ ಸರಿಯಾಗಿ ಕೂರುವಂಥದ್ದಿರಲಿ, ಜಾರಿದರೆ ಮೊದಲು ತರಚುವುದು ಪಿಕ್‌ಗಾರ್ಡ್, ಆಮೇಲೆ ಸುರುಳಿಯ ವೈರು.

ಪೂರ್ತಿ ಸೆಟಪ್ ಮಾಡುವುದಿದ್ದರೆ ನನ್ನ ಕ್ರಮ ಇದು: ಮೊದಲು ಪಿಕಪ್‌ಗಳನ್ನು ಪೂರ್ತಿ ಇಳಿಸುತ್ತೇನೆ. ನೀವು ಮುಂದೆಯೂ ಬಳಸಲಿರುವ ದಪ್ಪದ ತಂತಿಗಳನ್ನೇ ಕಟ್ಟಿ ಶ್ರುತಿ ಮಾಡುತ್ತೇನೆ. ಆಮೇಲೆ ನೆಕ್‌ನ ಬಾಗು. ಒಂದನೇ ಫ್ರೆಟ್ಟಿಗೆ ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್ ಒತ್ತಿ, ಎಂಟನೇ ಫ್ರೆಟ್ ಮೇಲೆ ಉಳಿಯುವ ಸಂದು ನೋಡುತ್ತೇನೆ. ಕಾಲು ಮಿಲಿಮೀಟರ್ ಆಸುಪಾಸಿದ್ದರೆ ಟ್ರಸ್ ರಾಡ್ ಮುಟ್ಟುವುದಿಲ್ಲ. ಮುಟ್ಟಲೇಬೇಕಾದರೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಿಲ್ಲ. ಅದು ಬಿಗಿಯಾಗಿ ಕಚ್ಚಿಕೊಂಡಿದ್ದರೆ ಬಲವಂತ ಮಾಡಬೇಡಿ, ರಾಡ್ ಮುರಿದರೆ ಆಗುವ ದುರಸ್ತಿಯ ಕಷ್ಟ ನನಗೆ ಗೊತ್ತು. ಆಮೇಲೆ ಸ್ಯಾಡಲ್‌ಗಳ ಎತ್ತರ, ಅದಾದ ಮೇಲೆ ಇಂಟೊನೇಶನ್. ಎಲ್ಲ ಮುಗಿದ ನಂತರ ಪಿಕಪ್ ಏರಿಸುವುದು. ಅಯಸ್ಕಾಂತ ಎಳೆಯುತ್ತಿರುವಾಗ ಇಂಟೊನೇಶನ್ ನೋಡುವುದು, ಯಾರೋ ಬಟ್ಟಲು ಒತ್ತಿ ಹಿಡಿದಿರುವ ತಕ್ಕಡಿಯಲ್ಲಿ ತೂಗಿದ ಹಾಗೆ.

ಎರಡನೆಯ ಮಾತು ವಾಲ್ಯೂಮ್ ನಾಬಿನದು. ನನ್ನ ಬಳಿ ಬರುವ ಹೆಚ್ಚಿನ ಗಿಟಾರ್‌ಗಳಲ್ಲಿ ಎಲ್ಲ ನಾಬ್‌ಗಳೂ ಹತ್ತರಲ್ಲಿರುತ್ತವೆ, ಕೊಂಡ ದಿನದಿಂದ ಅಲ್ಲೇ. ಬ್ರಿಜ್ ಪಿಕಪ್ ಕಿವಿಗೆ ಚುಚ್ಚುತ್ತದೆ ಅನ್ನುವವರಿಗೆ, ವಾಲ್ಯೂಮ್ ಏಳಕ್ಕೆ ತನ್ನಿ, ಆಂಪ್ ಸ್ವಲ್ಪ ಏರಿಸಿ ಎನ್ನುತ್ತೇನೆ. ಸಾಧಾರಣ ಪ್ಯಾಸಿವ್ (ಬ್ಯಾಟರಿ ಇಲ್ಲದ) ಗಿಟಾರಿನಲ್ಲಿ ವಾಲ್ಯೂಮ್ ತಗ್ಗಿಸಿದಾಗ ಸದ್ದಿನ ಜೊತೆ ಮೊನಚೂ ತಗ್ಗುತ್ತದೆ. ನಾಬಿನ ಕೆಳಗಿರುವ ಪಾಟ್ ಎಂಬ ಭಾಗದ ರೆಸಿಸ್ಟೆನ್ಸ್ ಕೇಬಲ್ಲಿನ ಕೆಪ್ಯಾಸಿಟೆನ್ಸ್ ಜೊತೆ ಸೇರಿ ತೆಳು ಸ್ವರಗಳನ್ನು ಸೋಸಿಬಿಡುತ್ತದೆ. ಅದು ಬೇಡವೆನ್ನುವವರಿಗೆ ಒಂದು ಸಣ್ಣ ಕೆಪ್ಯಾಸಿಟರ್ ಬೆಸೆದು ಕೊಡುತ್ತೇನೆ. ಬೇಕೆನ್ನುವವರಿಗೆ ಅದೇ ಒಂದು ಹೊಸ ದನಿ. ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಹಂಬಕರ್‌ಗೆ 500 ಕಿಲೋ ಓಮ್ ಪಾಟ್ ಹಾಕುವ ರೂಢಿಯೂ ಈ ಮೊನಚಿನ ಲೆಕ್ಕದಲ್ಲೇ ಬಂದದ್ದು. ಪಾಟ್ ದೊಡ್ಡದಾದಷ್ಟೂ ಮೊನಚು ಹೆಚ್ಚು ಉಳಿಯುತ್ತದೆ.

ಕೆಟ್ಟಿದೆ ಎಂದು ತರುವ, ಆದರೆ ಕೆಟ್ಟಿರದ ಸಂಗತಿಗಳು ಇನ್ನೂ ಇವೆ. ಮೂರು ಪಿಕಪ್ಪಿನ ಹಳೇ ಪದ್ಧತಿಯ ವೈರಿಂಗ್‌ನಲ್ಲಿ ಬ್ರಿಜ್ ಪಿಕಪ್ಪಿಗೆ ಟೋನ್ ನಾಬೇ ಇರುವುದಿಲ್ಲ, ಉಳಿದ ಟೋನ್ ನಾಬ್‌ಗಳನ್ನು ತಿರುಗಿಸಿದರೂ ಅದಕ್ಕೆ ಏನೂ ಆಗದು. ಎರಡು ವಾಲ್ಯೂಮ್ ಇರುವ ಲೆಸ್ ಪಾಲ್ ಮಾದರಿಯಲ್ಲಿ ಸ್ವಿಚ್ ನಡುವೆ ಇದ್ದಾಗ ಒಂದು ವಾಲ್ಯೂಮ್ ಸೊನ್ನೆಗೆ ತಂದರೆ ಎರಡೂ ಪಿಕಪ್ ಮೌನವಾಗುತ್ತವೆ. ಸಾಮಾನ್ಯ ವೈರಿಂಗೇ ಹಾಗೆ. ಐದು ಸ್ಥಾನದ ಸ್ವಿಚ್ಚಿನ ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ ಗುಂಯ್ ಸದ್ದು ನಿಂತು ಉಳಿದ ಕಡೆ ಮತ್ತೆ ಬಂದರೆ, ನಡುವಿನ ಪಿಕಪ್ಪನ್ನು ತಿರುವುಮುರುವಾಗಿ ಸುತ್ತಿದ್ದಾರೆ ಎಂದರ್ಥ, ಅದು ಬೇಕೆಂದೇ ಮಾಡಿದ್ದು. ಅಂದಹಾಗೆ 1954ರ ಮೊದಲ ಸ್ಟ್ರ್ಯಾಟೊಕಾಸ್ಟರ್‌ನಲ್ಲಿ ಸ್ವಿಚ್ಚಿಗೆ ಮೂರೇ ಸ್ಥಾನ ಇದ್ದದ್ದು. ನುಡಿಸುವವರು ಸ್ವಿಚ್ಚನ್ನು ಎರಡರ ನಡುವೆ ಸಿಕ್ಕಿಸಿ ಆ ಜೋಡಿ ದನಿಯನ್ನು ಕಂಡುಕೊಂಡರು. ಐದು ಸ್ಥಾನದ ಸ್ವಿಚ್ ಕಾರ್ಖಾನೆಯಿಂದಲೇ ಬರತೊಡಗಿದ್ದು 1970ರ ದಶಕದಲ್ಲಿ. ಕೈಯಲ್ಲಿರುವ ವಸ್ತುವನ್ನು ಹೀಗೆ ತಡವಿ ನೋಡುವವರನ್ನು ಕಂಡರೆ ನನಗೆ ತುಂಬ ಪ್ರೀತಿ.

ಅದಕ್ಕೇ ಆ ತಾಯಿ ನೆನಪಾಗುತ್ತಾರೆ. ಮಗಳ ಗಿಟಾರ್ ತಂದು, ಟೋನ್ ನಾಬ್ ಅಲ್ಲಾಡುತ್ತಿದೆ, ಕಿತ್ತುಬರುವ ಹಾಗಿದೆ ಎಂದಿದ್ದರು. ಮೇಲಕ್ಕೆಳೆದೆ, ಟಕ್ಕೆಂದು ನಿಂತಿತು. ಹಂಬಕರ್‌ನ ಒಂದು ಸುರುಳಿಯನ್ನು ಬಿಡಿಸುವ ಪುಶ್-ಪುಲ್ ನಾಬ್ ಅದು. ಮಗಳು ಒಂದು ವರ್ಷದಿಂದ ಅದೇ ಗಿಟಾರ್ ನುಡಿಸುತ್ತಿದ್ದಳು, ಅದರೊಳಗೆ ಇನ್ನೊಂದು ದನಿ ಇರುವುದು ಗೊತ್ತೇ ಇರಲಿಲ್ಲ. ಅವತ್ತು ಸಂಜೆಯವರೆಗೂ ನನ್ನ ಬೆಂಚಿನ ಪಕ್ಕ ಕೂತು ನಾಬ್ ಎಳೆಯುತ್ತ, ಒತ್ತುತ್ತ ನುಡಿಸಿದಳು.

ಸುರಕ್ಷತೆಯದು ಒಂದೆರಡು ಮಾತು. ತಂತಿ ಮುಟ್ಟಿದಾಗ ಗುಂಯ್ ಸದ್ದು ತಗ್ಗಿದರೆ ಹೆದರಬೇಡಿ, ಬ್ರಿಜ್‌ಗೆ ಗ್ರೌಂಡ್ ವೈರ್ ಕೂಡಿದೆ ಎಂದು ತಿಳಿಯಿರಿ. ಮುಟ್ಟಿದಾಗ ಜಾಸ್ತಿಯಾದರೆ ಯಾರಿಗಾದರೂ ತೋರಿಸಿ. ತಂತಿಯಿಂದ ಶಾಕ್ ಹೊಡೆದರೆ, ಅದು ಎಷ್ಟೇ ಸಣ್ಣದಾದರೂ, ನುಡಿಸುವುದನ್ನು ತಕ್ಷಣ ನಿಲ್ಲಿಸಿ ಆಂಪ್‌ನ್ನೂ ಗೋಡೆಯ ಪ್ಲಗ್ಗಿನ ಅರ್ಥಿಂಗನ್ನೂ ಬಲ್ಲವರಿಂದ ಪರೀಕ್ಷೆ ಮಾಡಿಸಿ. ಆಂಪ್ ನೀವಾಗಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಕುತ್ತು ತರುವಷ್ಟು ವೋಲ್ಟೇಜ್ ಉಳಿದಿರಬಹುದು. ಕೇಬಲ್ ಜ್ಯಾಕ್ ಸಡಿಲವಾದರೆ ಹೊರಗಿನ ನಟ್ಟನ್ನೇ ಸುತ್ತುತ್ತ ಹೋಗಬೇಡಿ. ಒಳಗೆ ಜ್ಯಾಕೂ ಜೊತೆಗೇ ತಿರುಗಿ ವೈರ್ ಹೊಸೆದುಕೊಂಡು ಬೆಸುಗೆ ಕಿತ್ತುಹೋಗುತ್ತದೆ. ಪ್ಲೇಟ್ ಬಿಚ್ಚಿ, ಜ್ಯಾಕನ್ನು ಒಳಗಿನಿಂದ ಹಿಡಿದು ಬಿಗಿಯಿರಿ. ಆಕ್ಟಿವ್ ಪಿಕಪ್ ಇದ್ದರೆ ನುಡಿಸಿದ ಮೇಲೆ ಕೇಬಲ್ ಎಳೆದಿಡಿ, ಇಲ್ಲದಿದ್ದರೆ 9 ವೋಲ್ಟಿನ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ.

ಪಿಕಪ್ ಬದಲಿಸಲೇಬಾರದು ಎಂದು ನಾನು ಹೇಳುತ್ತಿಲ್ಲ, ಅದು ನನ್ನ ಕಸುಬಿನ ಭಾಗವೇ. ಎತ್ತರ ಸರಿಮಾಡಿ, ನಾಬ್‌ಗಳನ್ನೆಲ್ಲ ತಿರುಗಿಸಿ ಒಂದು ತಿಂಗಳು ನುಡಿಸಿ ನೋಡಿದ ಮೇಲೂ ಬೇಕಾದ ದನಿ ಸಿಗದಿದ್ದರೆ ಬನ್ನಿ. ಆಗ ನಿಮಗೆ ಏನು ಸಾಲದು ಎಂಬುದನ್ನು ನೀವೇ ಬಾಯಿಬಿಟ್ಟು ಹೇಳಬಲ್ಲಿರಿ, ನನಗೂ ಆರಿಸಿಕೊಡಲು ಸುಲಭ. ಹುಡುಗನಿಗೂ ಇದನ್ನೇ ಹೇಳಿ, ಡಬ್ಬಿಯನ್ನು ಸೀಲ್ ಒಡೆಯದೆ ವಾಪಸು ಕೊಟ್ಟೆ. ಗಿಟಾರಿನ ಕೇಸ್ ಒಳಗೆ ಒಂದು ಚೀಟಿಯನ್ನೂ ಇಟ್ಟಿದ್ದೇನೆ: ನೆಕ್ ಪಿಕಪ್ ದಪ್ಪ ತಂತಿಗೆ 2.8 ಮಿಲಿಮೀಟರ್, ತೆಳುವಿಗೆ 2.2; ತಂತಿಯ ದಪ್ಪ 10ರಿಂದ 46 (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ); ತಂತಿಯ ದಪ್ಪ ಬದಲಿಸಿದರೆ ಮತ್ತೆ ಪಿಕಪ್ ಇಳಿಸಿ ಶುರುಮಾಡುವುದು.