ನರಿ ಬೇಟೆಗೆ ಕರೆದಿದ್ದಾರಾ? ಕೆಂಪು ಕೋಟು ಕೊಳ್ಳಬೇಡಿ

ಅಕ್ಟೋಬರ್ ಬಂತೆಂದರೆ ನನ್ನ ವಾಟ್ಸಾಪ್‌ಗೆ ಕೆಂಪು ಕೋಟಿನ ಫೋಟೋಗಳು ಬರಲು ಶುರು. "ಮೇಡಂ, ಇದು ಚೆನ್ನಾಗಿದೆ ಅಲ್ವಾ? ಆಫರ್ ಇವತ್ತಿಗೆ ಮುಗಿಯುತ್ತೆ." ಕಳಿಸುವವರಲ್ಲಿ ನಮ್ಮವರೇ ಜಾಸ್ತಿ. ವರ್ಜೀನಿಯಾದ ಆಶ್‌ಬರ್ನ್, ಹರ್ನ್‌ಡನ್ ಕಡೆಯ ಸಾಫ್ಟ್‌ವೇರ್ ಜನ. ಮಗಳನ್ನು ನನ್ನ ಕುದುರೆ ಸವಾರಿ ಕ್ಲಾಸಿಗೆ ಬಿಡಲು ಬಂದವರು ತಾವೂ ಕುದುರೆ ಹತ್ತಿ ಕಲಿತಿರುತ್ತಾರೆ. ಆಮೇಲೆ ಯಾರೋ ಆಫೀಸಿನ ಗೆಳೆಯರು ಮಿಡಲ್‌ಬರ್ಗ್ ಕಡೆಯ ನರಿ ಬೇಟೆಗೆ, ಅಂದರೆ ಹೌಂಡ್ ನಾಯಿಗಳ ಹಿಂದೆ ಕುದುರೆ ಮೇಲೆ ಓಡುವ ಆಟಕ್ಕೆ, ಅತಿಥಿಯಾಗಿ ಕರೆಯುತ್ತಾರೆ. ಖುಷಿಯ ವಿಷಯವೇ. ಆದರೆ ಎಲ್ಲರೂ ಮೊದಲು ಹುಡುಕುವುದು ಆ ಕೆಂಪು ಕೋಟನ್ನೇ.

ಅದು ಅತಿಥಿಗಳಿಗಲ್ಲ. ಹಳೇ ಚಿತ್ರಗಳಲ್ಲಿ ಎಲ್ಲರೂ ಕೆಂಪು ಹಾಕಿರುವಂತೆ ಕಂಡರೂ ಅಲ್ಲ.

ಬೇಟೆಯ ಬಯಲಲ್ಲಿ ಕೆಂಪು ಅಂದರೆ ಯೂನಿಫಾರ್ಮು. ಬೇಟೆಯ ಮುಖ್ಯಸ್ಥರಾದ ಮಾಸ್ಟರ್ ಹಾಕುತ್ತಾರೆ. ಕೊಂಬು ಊದಿ ಹೌಂಡುಗಳನ್ನು ನಡೆಸುವ ಹಂಟ್ಸ್‌ಮನ್ ಹಾಕುತ್ತಾರೆ. ಹಿಂಡಿನ ಅಕ್ಕಪಕ್ಕ ಕಾಯುವ ವಿಪ್‌ಗಳು ಹಾಕುತ್ತಾರೆ. ಇವರನ್ನು ಬಿಟ್ಟರೆ, ಹಲವು ವರ್ಷ ದುಡಿದು ಆ ಹಂಟ್‌ನ (ಬೇಟೆಯ ಕ್ಲಬ್ಬಿನ) ಗುಂಡಿ ಮತ್ತು ಕಾಲರ್ ಬಣ್ಣವನ್ನು ಮಾಸ್ಟರ್ ಕೈಯಿಂದ ಪಡೆದ ಗಂಡಸರು ಹಾಕಬಹುದು. ಹೆಂಗಸರಿಗೆ ಬಣ್ಣ ಸಿಕ್ಕಿದರೂ ಸಂಪ್ರದಾಯದಂತೆ ಕೋಟು ಕಪ್ಪು ಅಥವಾ ಕಡುನೀಲಿಯೇ. ಈಗ ಕೆಲವು ಕಡೆ ಇದು ಸಡಿಲವಾಗಿದೆ. ನಿಮ್ಮನ್ನು ಕರೆದ ಹಂಟ್‌ನಲ್ಲಿ ಹೇಗೆ ಅಂತ ಅಲ್ಲಿನ ಕಾರ್ಯದರ್ಶಿಯನ್ನೇ ಕೇಳಿ. ನನ್ನ ಮಾತೇ ಕೊನೆ ಅಂದುಕೊಳ್ಳಬೇಡಿ.

"ಹಾಕಿದರೆ ಏನಾಗುತ್ತೆ ಮೇಡಂ, ಯಾರು ಕೇಳ್ತಾರೆ?" ಅನ್ನುವವರಿದ್ದಾರೆ. ಕೇಳುತ್ತಾರೆ ಸ್ವಾಮಿ, ಅದೇ ತೊಂದರೆ. ರೈಲಿನಲ್ಲಿ ನೀವು ಸುಮ್ನೆ ಶೋಕಿಗೆ ಟಿಸಿಯ ಕಪ್ಪು ಕೋಟು ಹಾಕಿಕೊಂಡು ಓಡಾಡಿದರೆ ವೇಟಿಂಗ್ ಲಿಸ್ಟಿನವರೆಲ್ಲ ಬರ್ತ್ ಕೇಳಿಕೊಂಡು ಬರುವುದಿಲ್ಲವೇ? ಇಲ್ಲೂ ಹಾಗೇ. ಕಾಡಂಚಿನಲ್ಲಿ ದಾರಿ ತಪ್ಪಿದವರು ದೂರದ ದಿಣ್ಣೆಯ ಮೇಲೆ ಕೆಂಪು ಕಂಡರೆ ಅದರ ಹಿಂದೆ ಬರುತ್ತಾರೆ.

ನನ್ನ ಹತ್ತಿರ ಕಲಿತ ಒಬ್ಬ ತಂದೆಗೆ ಆದದ್ದೂ ಇದೇ. ಬಲು ಒಳ್ಳೆಯ ಮನುಷ್ಯ, ಹಾಸನದವರು, ಕೇಳಿದ್ದಕ್ಕೆ ಇಲ್ಲ ಅನ್ನುವವರಲ್ಲ. ಹಿತ್ತಾಳೆ ಗುಂಡಿಯ ಕೆಂಪು ಕೋಟು ತರಿಸಿಕೊಂಡು ಹೋಗಿದ್ದರು. ನಡುವೆ ಮೂವರು ಸವಾರರು ಓಡಿ ಬಂದು, ಹೌಂಡುಗಳು ಯಾವ ಕಡೆ ಹೋದವು ಅಂತ ಕೇಳಿದ್ದಾರೆ. ಇವರು ಎಡಗಡೆಯಿಂದ ಬೊಗಳಾಟ ಕೇಳಿದ್ದು ನೆನಪಾಗಿ ಧೈರ್ಯವಾಗಿ ಎಡಗೈ ತೋರಿಸಿದರು. ಅದು ಯಾರದೋ ತೋಟದ ಮನೆಯ ನಾಯಿ. ಮೂವರೂ ಆ ಮನೆಯ ಅಂಗಳಕ್ಕೆ ನುಗ್ಗಿದರು. ಬೇಟೆ ನಡೆಯುವುದೇ ಜಮೀನಿನವರ ಒಪ್ಪಿಗೆಯ ಮೇಲೆ. ಆ ಮನೆಯವರನ್ನು ಸಮಾಧಾನ ಮಾಡಲು ಮಾಸ್ಟರ್ ಮಾರನೇ ದಿನ ಖುದ್ದಾಗಿ ಹೋಗಬೇಕಾಯಿತಂತೆ.

ಎಲ್ಲ ಕಡೆ ಯೂನಿಫಾರ್ಮು ಕೆಂಪೇ ಇರಬೇಕೆಂದೂ ಇಲ್ಲ. ಇಂಗ್ಲೆಂಡಿನ ಬ್ಯೂಫರ್ಟ್ ಹಂಟ್‌ನಲ್ಲಿ ಸಿಬ್ಬಂದಿಯದು ಹಸಿರು, ಸದಸ್ಯರದು ನೀಲಿ. ಹಾಗಂತ "ಸರಿ ಬಿಡಿ, ಹಸಿರು ತಗೋತೀನಿ" ಅನ್ನಬೇಡಿ.

ಹಾಗಾದರೆ ಅತಿಥಿ ಏನು ಹಾಕಬೇಕು? ಕಪ್ಪು ಇಲ್ಲವೇ ಕಡುನೀಲಿ ಕೋಟು, ಏನೂ ಬರೆದಿರದ ಗುಂಡಿ. ತಿಳಿ ಕಂದು ಬಣ್ಣದ ಬ್ರೀಚಸ್ (ಸವಾರಿ ಪ್ಯಾಂಟು). ಮೊಣಕಾಲಿನವರೆಗಿನ ಕಪ್ಪು ಬೂಟು, ಹೊಳೆಯುವಂತೆ ಪಾಲಿಶ್. ಸೆಪ್ಟೆಂಬರ್‌ನಿಂದ ಶುರುವಾಗುವ ಕಬ್ಬಿಂಗ್ (ಋತುವಿಗೆ ಮುಂಚಿನ ತರಬೇತಿ ಬೇಟೆ) ದಿನಗಳಲ್ಲಿ ಇಷ್ಟೂ ಬೇಡ, ಟ್ವೀಡ್ ಕೋಟು ಸಾಕು. ಕಟ್ಟುನಿಟ್ಟಿನ ಉಡುಪು ಬೇಕಾಗುವುದು ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲಿಗೆ ಬರುವ ಓಪನಿಂಗ್ ಮೀಟ್, ಅಂದರೆ ಋತುವಿನ ಮೊದಲ ಅಧಿಕೃತ ಬೇಟೆಯಿಂದ. ಹೆಲ್ಮೆಟ್ ವಿಷಯದಲ್ಲಿ ಮಾತ್ರ ಸಂಪ್ರದಾಯ ನೋಡಬೇಡಿ. ಗಲ್ಲದ ಪಟ್ಟಿ ಇರುವ, ಸುರಕ್ಷತೆಯ ಗುರುತು ಇರುವ ಕಪ್ಪು ಹೆಲ್ಮೆಟ್ ಹಾಕಿ.

ಕುತ್ತಿಗೆಗೆ ಸುತ್ತುವ ಬಿಳಿ ಬಟ್ಟೆ ಇದೆಯಲ್ಲ, ಸ್ಟಾಕ್, ಅದನ್ನು ಕಟ್ಟುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಪಿನ್ನನ್ನು ಅಡ್ಡಕ್ಕೆ ಚುಚ್ಚಬೇಕು. ನೆಟ್ಟಗೆ ಚುಚ್ಚಿದರೆ, ಬಿದ್ದಾಗ ತುದಿ ಗಂಟಲ ಕಡೆ ಬರುತ್ತದೆ. ಕೈ ಮುರಿದುಕೊಂಡವರಿಗೆ ಇದೇ ಬಟ್ಟೆ ಜೋಳಿಗೆಯಾಗುತ್ತದೆ, ಕುದುರೆಯ ಕಾಲಿಗೆ ಗಾಯವಾದರೆ ಪಟ್ಟಿಯಾಗುತ್ತದೆ. ಅದಕ್ಕೇ ರೆಡಿಮೇಡ್ ಹುಕ್ ಇರುವ ಮೋಟು ಸ್ಟಾಕ್ ನನಗೆ ಸೇರುವುದಿಲ್ಲ. ಹಾಗೆಯೇ ಹತ್ತಿ ದಾರದ ಗ್ಲೌಸು ಒಂದು ಜೊತೆ ಜೀನಿನ ಪಟ್ಟಿಗೆ ಸಿಕ್ಕಿಸಿಕೊಳ್ಳಿ. ಮಳೆ ಬಂದಾಗ ಒದ್ದೆ ಲಗಾಮು ಚರ್ಮದ ಗ್ಲೌಸಿನಲ್ಲಿ ಜಾರುತ್ತದೆ, ದಾರದ್ದರಲ್ಲಿ ಹಿಡಿತ ಸಿಗುತ್ತದೆ.

ಕೆಂಪು ಇಲ್ಲದೆ ಆಗುವುದೇ ಇಲ್ಲ ಅನ್ನುವವರಿಗೆ ಒಂದು ದಾರಿ ಇದೆ. ನಿಮ್ಮ ಕುದುರೆ ಒದೆಯುವಂಥದ್ದಾದರೆ ಅದರ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿ. ಅದು ಬರೀ ತಮಾಷೆಯಲ್ಲ, ಹಿಂದಿನವರಿಗೆ ದೂರ ಇರಿ ಅಂತ ಎಚ್ಚರಿಕೆ. ಹೊಸ, ಎಳೆ ಕುದುರೆಯಾದರೆ ಹಸಿರು.

ಪ್ರಾಣಿಹಿಂಸೆ ಬಗ್ಗೆ ಕೇಳುವವರಿಗೂ ಒಂದು ಮಾತು. ವರ್ಜೀನಿಯಾದಲ್ಲಿ ಇದಕ್ಕೆ ಕಾನೂನಿನ ಅನುಮತಿ ಇದೆ. ನರಿ ಬಿಲ ಸೇರಿತೆಂದರೆ ಸಾಮಾನ್ಯವಾಗಿ ಆಟ ಮುಗಿಯಿತು. ಇಂಗ್ಲೆಂಡಿನಲ್ಲಿ 2004ರ ಕಾನೂನಿನ ನಂತರ ನಾಯಿಗಳನ್ನು ಛೂ ಬಿಟ್ಟು ನರಿ ಬೇಟೆಯಾಡುವಂತಿಲ್ಲ. ಅಲ್ಲಿ ಮೊದಲೇ ಎಳೆದಿಟ್ಟ ವಾಸನೆಯ ಜಾಡು ಹಿಡಿದು ಓಡುವುದು ಬಳಕೆಗೆ ಬಂತು. ಹೋಗುವುದು, ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟಿದ್ದು, ನಾನು ಒತ್ತಾಯ ಮಾಡುವುದಿಲ್ಲ.

ಹೋದರೆ ಬೆಳಿಗ್ಗೆ ಮಾಸ್ಟರ್ ಕಂಡ ತಕ್ಷಣ "ಗುಡ್ ಮಾರ್ನಿಂಗ್, ಮಾಸ್ಟರ್" ಅನ್ನಿ. ಹೊರಡುವಾಗ ಮಧ್ಯಾಹ್ನ ಹನ್ನೆರಡು ಗಂಟೆಯಾಗಿದ್ದರೂ "ಗುಡ್ ನೈಟ್" ಅನ್ನಬೇಕು. ಯಾಕೆಂದು ಕೇಳಬೇಡಿ, ಅದು ಹಾಗೇ. ಅತಿಥಿ ಶುಲ್ಕ ಎಷ್ಟೆಂದು ಮೊದಲೇ ತಿಳಿದುಕೊಳ್ಳಿ.

ಈಗಾಗಲೇ ಕೆಂಪು ಕೋಟು ಕೊಂಡುಬಿಟ್ಟವರು ಹೋದ ವಾರವೂ ಕೇಳಿದರು: "ಬೇಟೆಗೆ ಬೇಡ ಮೇಡಂ, ರಾತ್ರಿ ಹಂಟ್ ಬಾಲ್ ಪಾರ್ಟಿಗೆ ಹಾಕಬಹುದಲ್ಲಾ?" ಆಗಲ್ಲ. ಅಲ್ಲಿ ಹಿಂದೆ ಬಾಲದಂತೆ ಉದ್ದ ಇಳಿಬಿದ್ದ ಕೆಂಪು ಕೋಟು ಹಾಕುವವರೂ ಅದೇ ಗುಂಡಿ ಪಡೆದವರು. ವಾಪಸ್ ಕಳಿಸಲು ಇನ್ನೂ ಸಮಯ ಇದ್ದರೆ ಇವತ್ತೇ ಕಳಿಸಿ, ಲೇಬಲ್ ಕಿತ್ತಿರಬೇಡಿ.