ಐಕಾನ್ ಕಾಣದಿದ್ದರೆ ಫೈಲ್ ಹೋಯಿತೆಂದಲ್ಲ

ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಕೂಡ ಒಂದು ಮಾಮೂಲಿ ಫೋಲ್ಡರ್. ಸಿ ಡ್ರೈವ್‌ನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ಡೆಸ್ಕ್‌ಟಾಪ್. ಅಲ್ಲಿರುವುದನ್ನು ಚಿತ್ರಗಳಾಗಿ ಪರದೆಯ ಮೇಲೆ ಬಿಡಿಸುವ ಕೆಲಸ ಎಕ್ಸ್‌ಪ್ಲೋರರ್ ಎಂಬ ಪ್ರೋಗ್ರಾಮಿನದು. ಆದ್ದರಿಂದ ಐಕಾನ್‌ಗಳು ಒಮ್ಮೆಗೇ ಮಾಯವಾದರೆ ಮೊದಲು ಆ ಫೋಲ್ಡರ್ ತೆರೆದು ನೋಡಿ. ಫೈಲುಗಳು ಅಲ್ಲೇ ಇದ್ದರೆ ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, 'ವ್ಯೂ' ಒಳಗಿನ 'ಶೋ ಡೆಸ್ಕ್‌ಟಾಪ್ ಐಕಾನ್ಸ್'ಗೆ ಟಿಕ್ ಹಾಕಿದರೆ ಸಾಕು. ಫೋಲ್ಡರೂ ಖಾಲಿಯಿದ್ದರೆ ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಒಳಗೆ ಹುಡುಕಿ. ಅದರ ಬ್ಯಾಕಪ್ ಆನ್ ಆದಾಗ ಡೆಸ್ಕ್‌ಟಾಪ್ ಫೋಲ್ಡರ್ ಅಲ್ಲಿಗೆ ವರ್ಗವಾಗುತ್ತದೆ. ಟಾಸ್ಕ್‌ಬಾರ್ ಕೂಡ ಇಲ್ಲದೆ ಬರೀ ಕಪ್ಪು ಪರದೆ, ಮೌಸ್ ಬಾಣ ಮಾತ್ರ ಕಂಡರೆ ಬಹುತೇಕ ಎಕ್ಸ್‌ಪ್ಲೋರರ್ ಶುರುವಾಗಿಲ್ಲ ಎಂದೇ ಲೆಕ್ಕ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನ 'ರನ್ ನ್ಯೂ ಟಾಸ್ಕ್'ನಲ್ಲಿ ಇಂಗ್ಲಿಷಿನಲ್ಲಿ explorer ಎಂದು ಟೈಪ್ ಮಾಡಿ.

ಐಕಾನ್‌ಗಳು ಬಿಳಿ ಕಾಗದದಂತೆ ಕಾಣುವುದು, ಒಂದರ ಚಿತ್ರ ಇನ್ನೊಂದಕ್ಕೆ ಬರುವುದು ಬೇರೆ ಕಾಯಿಲೆ. ಪ್ರತಿ ಸಲ ಮೂಲ ಪ್ರೋಗ್ರಾಮಿನಿಂದ ಚಿತ್ರ ತೆಗೆದರೆ ತಡವಾಗುತ್ತದೆಂದು ವಿಂಡೋಸ್ ಅವುಗಳ ನಕಲನ್ನು ಒಂದು ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ. ಆ ಸಂಗ್ರಹ ಕೆಟ್ಟರೆ ಚಿತ್ರವೂ ಕೆಡುತ್ತದೆ. ಅದನ್ನು ಅಳಿಸಿಬಿಟ್ಟರೆ ವಿಂಡೋಸ್ ತಾನೇ ಹೊಸದನ್ನು ಕಟ್ಟಿಕೊಳ್ಳುತ್ತದೆ. ನಿಮ್ಮ ಹೆಸರಿನ ಫೋಲ್ಡರ್‌ನಿಂದ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಎಕ್ಸ್‌ಪ್ಲೋರರ್ ಎಂದು ಒಳಗೊಳಗೆ ಹೋದರೆ 'ಐಕಾನ್‌ಕ್ಯಾಶ್' ಎಂದು ಶುರುವಾಗುವ ಫೈಲುಗಳು ಸಿಗುತ್ತವೆ. ಆಪ್‌ಡೇಟಾ ಅಡಗಿಸಿಟ್ಟ ಫೋಲ್ಡರ್, ಹಾಗಾಗಿ ಮುಂಚೆಯೇ 'ಹಿಡನ್ ಐಟಮ್ಸ್'ಗೆ ಟಿಕ್ ಹಾಕಿರಬೇಕು. ತೊಡಕೆಂದರೆ, ಎಕ್ಸ್‌ಪ್ಲೋರರ್ ಓಡುತ್ತಿರುವಾಗ ಅದೇ ಈ ಫೈಲುಗಳನ್ನು ಹಿಡಿದುಕೊಂಡಿರುವುದರಿಂದ ಕೆಲವು ಅಳಿಸಲು ಬರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದಕ್ಕೆ 'ಎಂಡ್ ಟಾಸ್ಕ್' ಕೊಟ್ಟು, 'ರನ್ ನ್ಯೂ ಟಾಸ್ಕ್'ನ 'ಬ್ರೌಸ್' ಒತ್ತಿ. ಕೆಳಗೆ 'ಆಲ್ ಫೈಲ್ಸ್' ಆರಿಸಿ, ಆ ಕಿಟಕಿಯಿಂದಲೇ ಫೈಲುಗಳನ್ನು ಅಳಿಸಿ, ಎಕ್ಸ್‌ಪ್ಲೋರರನ್ನು ಮತ್ತೆ ಶುರುಮಾಡಿ. ಅಂದಹಾಗೆ, ಕೂತಲ್ಲೇ ಹತ್ತು ಸಲ 'ರಿಫ್ರೆಶ್' ಒತ್ತುವ ಚಟ ಅನೇಕರಿಗಿದೆ. ಅದು ಫೋಲ್ಡರನ್ನು ಮತ್ತೊಮ್ಮೆ ಓದಿ ತೋರಿಸುತ್ತದೆ ಅಷ್ಟೆ, ಕಂಪ್ಯೂಟರಿನ ವೇಗ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

ಅಕ್ಷರ ಮಸುಕಾದರೆ ರೆಸಲ್ಯೂಶನ್, ಅಂದರೆ ಚಿತ್ರದ ಉದ್ದಗಲದಲ್ಲಿ ಎಷ್ಟು ಚುಕ್ಕಿಗಳಿವೆ ಎಂಬ ಲೆಕ್ಕ, ನೋಡಿ. 1920×1080 ಚುಕ್ಕಿಗಳ ಮಾನಿಟರ್‌ಗೆ 1366×768ರ ಚಿತ್ರ ಕೊಟ್ಟರೆ ಒಂದು ಚುಕ್ಕಿಯನ್ನು ಸುಮಾರು 1.4 ಚುಕ್ಕಿಗಳಿಗೆ ಹಂಚಬೇಕಾಗುತ್ತದೆ. ಅರ್ಧ ಚುಕ್ಕಿ ಎಂಬುದು ಇಲ್ಲವಾದ್ದರಿಂದ ಅಂಚುಗಳು ಕಲಸಿಹೋಗುತ್ತವೆ. ಅಕ್ಷರ ದೊಡ್ಡದಾಗಬೇಕಿದ್ದರೆ ರೆಸಲ್ಯೂಶನ್ ಇಳಿಸಬೇಡಿ. 'ರೆಕಮೆಂಡೆಡ್' ಎಂದಿರುವುದನ್ನೇ ಉಳಿಸಿಕೊಂಡು 'ಸ್ಕೇಲ್' 125 ಅಥವಾ 150 ಪ್ರತಿಶತಕ್ಕೆ ಏರಿಸಿ. ಸರಿಯಾದ ರೆಸಲ್ಯೂಶನ್ ಪಟ್ಟಿಯಲ್ಲೇ ಇಲ್ಲದಿದ್ದರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. 'ಡಿಸ್‌ಪ್ಲೇ ಅಡಾಪ್ಟರ್ಸ್' ಕೆಳಗೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ವಿಂಡೋಸ್ ಜೊತೆ ಬೆಸೆಯುವ ಪ್ರೋಗ್ರಾಮ್, ಕೆಲಸ ಮಾಡುತ್ತಿಲ್ಲ. ಕಂಪ್ಯೂಟರ್ ಅಥವಾ ಗ್ರಾಫಿಕ್ಸ್ ಚಿಪ್ ತಯಾರಕರ ಜಾಲತಾಣದಿಂದ ಅದನ್ನು ಹಾಕಿಕೊಳ್ಳಿ. ಡ್ರೈವರ್ ಹುಡುಕಿಕೊಡುತ್ತೇವೆನ್ನುವ ಪುಕ್ಕಟೆ ಪ್ರೋಗ್ರಾಮುಗಳ ಸಹವಾಸ ಬೇಡ.

ಪರದೆಯ ಮೇಲೆ ಗೆರೆ, ಬಣ್ಣದ ಕಲೆ ಕಂಡರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ ನೋಡಿ. ಸ್ಕ್ರೀನ್‌ಶಾಟ್ ತಯಾರಾಗುವುದು ಕಂಪ್ಯೂಟರಿನ ಮೆಮೊರಿಯಲ್ಲಿ, ಚಿತ್ರ ಕೇಬಲ್ ಹತ್ತುವ ಮೊದಲೇ. ಗೆರೆ ಫೋನಿನಲ್ಲೂ ಕಂಡರೆ ಡ್ರೈವರ್ ಅಥವಾ ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿದರೆ ಪರದೆ ಒಮ್ಮೆ ಮಿಟುಕಿ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ಮೊದಲು ಅದನ್ನು ಮಾಡಿ ನೋಡಿ. ಫೋನಿನಲ್ಲಿ ಚಿತ್ರ ಶುದ್ಧವಾಗಿದ್ದರೆ ವಿಂಡೋಸ್ ಮತ್ತೆ ಹಾಕುವುದು ದಂಡ. ಕೇಬಲನ್ನು ಎರಡೂ ತುದಿಗಳಲ್ಲಿ ಕಿತ್ತು ಮತ್ತೆ ಸಿಕ್ಕಿಸಿ, ಆಮೇಲೆ ಬೇರೆ ಕೇಬಲ್, ಕೊನೆಗೆ ಬೇರೆ ಮಾನಿಟರ್ ಹಾಕಿ ನೋಡಿ.